ಸೊಟ್ಟಗಾಲಿನ ಗರಿಂಚಾ: ಜನರ ನಲಿವು, ಒಬ್ಬನ ನೋವು



ಫುಟ್‌ಬಾಲ್ ಎಂದೊಡನೆ ನಮ್ಮವರ ಬಾಯಿಗೆ ಮೊದಲು ಬರುವ ಹೆಸರು ಪೆಲೆ. 1977ರಲ್ಲಿ ಆತ ನ್ಯೂಯಾರ್ಕಿನ ಕಾಸ್ಮಾಸ್ ತಂಡದೊಡನೆ ಕಲ್ಕತ್ತೆಗೆ ಬಂದು ಮೋಹನ್ ಬಾಗಾನ್ ವಿರುದ್ಧ ಆಡಿದಾಗ ಈಡನ್ ಗಾರ್ಡನ್ಸ್ ತುಂಬಿ ತುಳುಕಿತ್ತು. ಬೆಂಗಳೂರಿನ ಗೌತಮಪುರದ ಫುಟ್‌ಬಾಲ್ ಪ್ರಿಯರು ತಮ್ಮ ಬಡಾವಣೆಯಲ್ಲಿ ಆತನ ಪ್ರತಿಮೆಯನ್ನೇ ನಿಲ್ಲಿಸಿಕೊಂಡಿದ್ದಾರೆ. ಆದರೆ ಬ್ರೆಜಿಲ್‌ನವರಿಗೆ ಪೆಲೆಯ ಪಕ್ಕದಲ್ಲೇ ಇನ್ನೊಂದು ಹೆಸರಿದೆ. ಅದು ಗರಿಂಚಾ. ಪೆಲೆಯನ್ನು ಅವರು 'ರಾಜ' ಎಂದರು. ಗರಿಂಚಾನನ್ನು 'ಜನರ ನಲಿವು' ಎಂದು ಕರೆದರು. ರಾಜನಿಗೆ ಗೌರವ ಸಲ್ಲುತ್ತದೆ. ನಲಿವು ಕೊಟ್ಟವನಿಗೆ ಸಿಗುವುದು ಪ್ರೀತಿ.

ಆ ಪ್ರೀತಿ ಸಿಕ್ಕಿತು, ನಿಜ. ಅದರಿಂದ ಹೊಟ್ಟೆ ತುಂಬಲಿಲ್ಲ, ಬದುಕೂ ಉಳಿಯಲಿಲ್ಲ. ತನ್ನ ದೇಶಕ್ಕೆ ಎರಡು ವಿಶ್ವಕಪ್ ಗೆದ್ದುಕೊಟ್ಟ ಈತ 49ನೆಯ ವಯಸ್ಸಿನಲ್ಲಿ, ಕುಡಿತದಿಂದ ಯಕೃತ್ತು ಹಾಳಾಗಿ, ಬರಿಗೈಯಲ್ಲಿ ಸತ್ತ. ಇದು ಹೇಗಾಯಿತೆಂದು ಕೇಳಿದರೆ ಉತ್ತರದಲ್ಲಿ ಒಬ್ಬ ಮನುಷ್ಯನ ದೌರ್ಬಲ್ಯ ಕಾಣುತ್ತದೆ. ಅದರ ಹಿಂದೆಯೇ ಆ ಕಾಲದ ಆಟದ ವ್ಯವಸ್ಥೆಯೂ ಕಾಣುತ್ತದೆ.

ಆತನ ಪೂರ್ಣ ಹೆಸರು ಮಾನುಯೆಲ್ ಫ್ರಾನ್ಸಿಸ್ಕೊ ದೊಸ್ ಸಾಂಟೋಸ್. ಹುಟ್ಟಿದ್ದು 1933ರ ಅಕ್ಟೋಬರ್‌ನಲ್ಲಿ, ರಿಯೊ ಡಿ ಜನೈರೊ ನಗರದ ಆಚೆ ಬೆಟ್ಟದ ತಪ್ಪಲಿನಲ್ಲಿರುವ ಪಾವು ಗ್ರಾಂಡಿ ಎಂಬ ಊರಿನಲ್ಲಿ. ಊರು ಎನ್ನುವುದಕ್ಕಿಂತ ಅದು ಅಮೆರಿಕಾ ಫ್ಯಾಬ್ರಿಲ್ ಎಂಬ ಬಟ್ಟೆ ಗಿರಣಿಯ ವಸತಿ. ದುಡಿಮೆ ಗಿರಣಿಯದು, ಮನೆ ಗಿರಣಿಯದು, ಆಟದ ಮೈದಾನವೂ ಗಿರಣಿಯದೇ. ತಂದೆ ಅಲ್ಲಿ ಕಾವಲುಗಾರ. ಗುಲಾಮಗಿರಿಯ ಕಾಲದ ಆಫ್ರಿಕನ್ನರ ರಕ್ತವೂ ಮೂಲನಿವಾಸಿ ಇಂಡಿಯನ್ನರ ರಕ್ತವೂ ಬೆರೆತ ಬಡ ಕುಟುಂಬ. ಮೈ ಸಣ್ಣಗಿದ್ದ ಹುಡುಗನನ್ನು ನೋಡಿ ಅಕ್ಕ 'ಗರಿಂಚಾ' ಎಂದು ಕರೆದಳಂತೆ. ಗರಿಂಚಾ ಎಂದರೆ ಅಲ್ಲಿನ ಒಂದು ಪುಟ್ಟ ಕಂದುಹಕ್ಕಿ. ಮಾನುಯೆಲ್ ಎಂಬುದರ ಮುದ್ದಿನ ರೂಪ 'ಮಾನೆ'. ಬ್ರೆಜಿಲ್‌ನ ಆಡುಮಾತಿನಲ್ಲಿ ಆ ಪದಕ್ಕೆ 'ಪೆದ್ದ', 'ಮುಗ್ಧ' ಎಂಬ ಅರ್ಥವೂ ಇದೆ. ಈ ಎರಡೂ ಹೆಸರುಗಳು ಕೊನೆಯವರೆಗೆ ಆತನಿಗೆ ಅಂಟಿಕೊಂಡವು.

ಹುಡುಗನ ಕಾಲುಗಳು ನೆಟ್ಟಗಿರಲಿಲ್ಲ. ಬಲಗಾಲು ಒಳಕ್ಕೆ ಬಾಗಿತ್ತು, ಎಡಗಾಲು ಹೊರಕ್ಕೆ ಬಾಗಿತ್ತು. ಅಂದರೆ ಎರಡೂ ಕಾಲುಗಳು ಒಂದೇ ದಿಕ್ಕಿಗೆ ವಾಲಿದಂತೆ, ಗಾಳಿಗೆ ಬಗ್ಗಿದ ಎರಡು ಗಿಡಗಳಂತೆ ಕಾಣುತ್ತಿದ್ದವು. ಸಾಲದ್ದಕ್ಕೆ ಒಂದು ಕಾಲು ಇನ್ನೊಂದಕ್ಕಿಂತ ಸುಮಾರು 6 ಸೆಂಟಿಮೀಟರ್ ಗಿಡ್ಡ. ಇಂಥ ಕಾಲಿನವನು ನೆಟ್ಟಗೆ ನಡೆದರೆ ಸಾಕು ಎಂದು ವೈದ್ಯರು ಹೇಳಬಹುದಾಗಿದ್ದ ಹುಡುಗ ಬರಿಗಾಲಿನಲ್ಲಿ ಚೆಂಡಾಡುತ್ತ ಬೆಳೆದ. ಹದಿನಾಲ್ಕರ ಹರೆಯದಲ್ಲಿ ಗಿರಣಿಗೆ ಸೇರಿದ. ಕೆಲಸದಲ್ಲಿ ಸೋಮಾರಿ. ಆದರೂ ಗಿರಣಿಯವರು ಆತನನ್ನು ಉಳಿಸಿಕೊಂಡರು, ಏಕೆಂದರೆ ಭಾನುವಾರ ಗಿರಣಿಯ ತಂಡಕ್ಕೆ ಆತ ಬೇಕಾಗಿದ್ದ.

ಆತನ ಸ್ವಭಾವ ಅರಿಯಲು ಒಂದು ಪ್ರಸಂಗ ಸಾಕು. 1950ರ ಜುಲೈ 16ರಂದು ರಿಯೊದ ಮರಕಾನಾ ಕ್ರೀಡಾಂಗಣದಲ್ಲಿ ಬ್ರೆಜಿಲ್ ತಂಡ ಉರುಗ್ವೆ ಎದುರು 1-2ರಿಂದ ಸೋತು ವಿಶ್ವಕಪ್ ಕಳೆದುಕೊಂಡಿತು. ಇಡೀ ದೇಶ ಸೂತಕದ ಮನೆಯಾಯಿತು. ಹದಿನಾರರ ಗರಿಂಚಾ ಅಂದು ರೇಡಿಯೊ ಕೇಳದೆ ಮೀನು ಹಿಡಿಯಲು ಹೋಗಿದ್ದನಂತೆ. ಹಿಂತಿರುಗಿದಾಗ ಊರವರೆಲ್ಲ ಅಳುತ್ತಿದ್ದುದು ಆತನಿಗೆ ಅರ್ಥವೇ ಆಗಲಿಲ್ಲವೆನ್ನುತ್ತಾರೆ. ಆತನಿಗೆ ಫುಟ್‌ಬಾಲ್ ಎಂದರೆ ಆಟ. ಅದರಲ್ಲಿ ದೇಶದ ಮಾನ, ಅವಮಾನಗಳಿಗೆ ಜಾಗವಿರಲಿಲ್ಲ.

ದೊಡ್ಡ ಕ್ಲಬ್ಬುಗಳ ಬಾಗಿಲು ಸುಲಭವಾಗಿ ತೆರೆಯಲಿಲ್ಲ. ಒಂದು ಕ್ಲಬ್ಬಿಗೆ ಬೂಟಿಲ್ಲದೆ ಹೋಗಿ ವಾಪಸಾದ, ಇನ್ನೊಂದರಲ್ಲಿ ಸರದಿ ಬರುವ ಮೊದಲೇ ಊರಿನ ಕೊನೆಯ ರೈಲು ತಪ್ಪೀತೆಂದು ಎದ್ದು ಬಂದ ಎಂಬ ಕಥೆಗಳಿವೆ. ಕೊನೆಗೆ 1953ರಲ್ಲಿ ರಿಯೊದ ಬೋಟಾಫೋಗೊ ಕ್ಲಬ್ಬಿನಲ್ಲಿ ಪರೀಕ್ಷೆಯ ಆಟಕ್ಕೆ ನಿಂತ. ಎದುರಿಗಿದ್ದವನು ನಿಲ್ಟನ್ ಸಾಂಟೋಸ್, ರಾಷ್ಟ್ರೀಯ ತಂಡದ ಹೆಸರಾಂತ ರಕ್ಷಣಾ ಆಟಗಾರ. ಹಳ್ಳಿಯಿಂದ ಬಂದ ಸೊಟ್ಟಗಾಲಿನ ಹುಡುಗ ಆತನನ್ನು ಮತ್ತೆ ಮತ್ತೆ ದಾಟಿ ಹೋದ. ಒಮ್ಮೆಯಂತೂ ಚೆಂಡನ್ನು ಆತನ ಎರಡು ಕಾಲುಗಳ ನಡುವೆಯೇ ತೂರಿಸಿದ. ನಿಲ್ಟನ್ ದೊಡ್ಡ ಮನಸ್ಸಿನವನು. ಕೋಪಿಸಿಕೊಳ್ಳದೆ, ಈತನನ್ನು ಕೂಡಲೇ ಸೇರಿಸಿಕೊಳ್ಳಿ, ಇಂಥವನು ಎದುರಾಳಿ ತಂಡದಲ್ಲಿದ್ದರೆ ರಾತ್ರಿ ನಿದ್ದೆ ಬಾರದು ಎಂಬರ್ಥದ ಮಾತನ್ನು ಕ್ಲಬ್ಬಿನವರಿಗೆ ಹೇಳಿದ. ಅದೇ ವರ್ಷದ ಜುಲೈಯಲ್ಲಿ ಬೊನ್ಸುಸೆಸೊ ವಿರುದ್ಧ ಆಡಿದ ಮೊದಲ ಅಧಿಕೃತ ಪಂದ್ಯದಲ್ಲೇ ಗರಿಂಚಾ ಮೂರು ಗೋಲು ಹೊಡೆದ.

ಆತನ ಆಟದಲ್ಲಿ ಅಂಥದ್ದೇನಿತ್ತು? ಕೇಳಿದರೆ ನಗು ಬರುವಷ್ಟು ಸರಳ. ಗರಿಂಚಾ ಆಡುತ್ತಿದ್ದುದು ಮೈದಾನದ ಬಲ ಅಂಚಿನಲ್ಲಿ. ಚೆಂಡು ಸಿಕ್ಕೊಡನೆ ಎದುರಾಳಿಯ ಮುಂದೆ ನಿಂತುಬಿಡುತ್ತಿದ್ದ. ಮೈಯನ್ನು ಎಡಕ್ಕೆ ಬಾಗಿಸುತ್ತಿದ್ದ, ಚೆಂಡು ಅಲುಗುತ್ತಿರಲಿಲ್ಲ. ಮತ್ತೆ ಎಡಕ್ಕೆ ಬಾಗುತ್ತಿದ್ದ. ಎದುರಾಳಿಯ ತೂಕ ಒಂದು ಕಾಲಿನ ಮೇಲೆ ಬಿದ್ದ ಗಳಿಗೆಯಲ್ಲಿ ಬಲಕ್ಕೆ ಚಿಮ್ಮಿ ಹೊರಟುಹೋಗುತ್ತಿದ್ದ. ಹೆಚ್ಚುಕಡಿಮೆ ಪ್ರತಿ ಸಲವೂ ಬಲಕ್ಕೇ. ಇದು ಎದುರಾಳಿಗೆ ಗೊತ್ತು, ತರಬೇತುದಾರನಿಗೆ ಗೊತ್ತು, ಗ್ಯಾಲರಿಯಲ್ಲಿ ಕುಳಿತ ಮಗುವಿಗೂ ಗೊತ್ತು. ಗೊತ್ತಿದ್ದೂ ತಡೆಯಲಾಗುತ್ತಿರಲಿಲ್ಲ.

ರಕ್ಷಣಾ ಆಟಗಾರ ಎದುರಿನವನ ಸೊಂಟ ಮತ್ತು ಮೊಣಕಾಲುಗಳನ್ನು ನೋಡಿ ಆತ ಯಾವ ಕಡೆ ಹೊರಳುತ್ತಾನೆಂದು ಊಹಿಸುತ್ತಾನೆ. ಗರಿಂಚಾನ ಮೊಣಕಾಲುಗಳು ನಿಂತಾಗಲೇ ಒಂದು ಕಡೆಗೆ ವಾಲಿದ್ದವು. ಎಲ್ಲರ ಮೈಯಿಂದ ಕಲಿತ ಲೆಕ್ಕ ಈ ಮೈಗೆ ಹೊಂದುತ್ತಿರಲಿಲ್ಲ. ಜೊತೆಗೆ ಮೊದಲ ನಾಲ್ಕೈದು ಹೆಜ್ಜೆಗಳಲ್ಲಿ ಆತನಿಗಿದ್ದ ವೇಗ. ಊಹೆ ಸರಿಯಾದರೂ ಅರೆಕ್ಷಣ ತಡವಾದವನಿಗೆ ಉಳಿಯುತ್ತಿದ್ದುದು ಗರಿಂಚಾನ ಬೆನ್ನು ಮಾತ್ರ. ಇಷ್ಟಕ್ಕೇ ಬಿಡುತ್ತಿರಲಿಲ್ಲ. ದಾಟಿದವನಿಗಾಗಿ ಕಾದುನಿಂತು ಮತ್ತೊಮ್ಮೆ ದಾಟುವುದೂ ಇತ್ತು. 1958ರಲ್ಲಿ ಮೆಕ್ಸಿಕೊದಲ್ಲಿ ಅರ್ಜೆಂಟೀನಾದ ರಿವರ್ ಪ್ಲೇಟ್ ತಂಡದ ವಿರುದ್ಧ ಆತ ಹೀಗೆ ಆಡುತ್ತಿದ್ದಾಗ ಪ್ರೇಕ್ಷಕರು ಗೂಳಿಕಾಳಗದಲ್ಲಿ ಕೂಗುವಂತೆ 'ಓಲೇ' ಎಂದು ಕೂಗತೊಡಗಿದರು. ಫುಟ್‌ಬಾಲ್ ಮೈದಾನದ ಆ ಕೂಗು ಅಲ್ಲಿಂದಲೇ ಹುಟ್ಟಿತೆಂದು ಆಗ ಬೋಟಾಫೋಗೊದ ತರಬೇತುದಾರನಾಗಿದ್ದ ಜುವಾಂವ್ ಸಾಲ್ಡಾನ್ಯಾ ಹೇಳುತ್ತಿದ್ದ.

ಇಂಥ ಆಟ ಕಂಡು ಜನ ನಕ್ಕರು, ಅಧಿಕಾರಿಗಳು ಹೆದರಿದರು. ಹೆದರಿಕೆಗೆ 1950ರ ಸೋಲೇ ಮೂಲ. ಆ ಸೋಲಿನ ಹೊಣೆಯನ್ನು ಗೋಲಿ ಬಾರ್ಬೋಸಾ ಮೊದಲಾದ ಕಪ್ಪು ಆಟಗಾರರ ತಲೆಗೆ ಕಟ್ಟಲಾಗಿತ್ತು. ನಮ್ಮವರಲ್ಲಿ ಕೌಶಲವಿದೆ, ಮನೋಸ್ಥೈರ್ಯವಿಲ್ಲ ಎಂಬ ಮಾತು ದೇಶದಲ್ಲಿ ಬೇರೂರಿತ್ತು. ಅದಕ್ಕಾಗಿ 1958ರ ಸ್ವೀಡನ್ ವಿಶ್ವಕಪ್‌ಗೆ ಹೊರಟ ತಂಡದ ಜೊತೆ ಜುವಾಂವ್ ಕಾರ್ವಲ್ಯಾಯಿಸ್ ಎಂಬ ಮನಶ್ಶಾಸ್ತ್ರಜ್ಞನನ್ನೂ ಕಳುಹಿಸಿದರು. ಆತ ಆಟಗಾರರಿಂದ ಚಿತ್ರ ಬರೆಸಿ, ಪ್ರಶ್ನೆ ಕೇಳಿ ಅಂಕ ಹಾಕಿದ. 17 ವರ್ಷದ ಪೆಲೆ ಇನ್ನೂ ಮಗು, ಗರಿಂಚಾನಿಗೆ ಜವಾಬ್ದಾರಿಯಿಲ್ಲ, ಇಬ್ಬರನ್ನೂ ಆಡಿಸಬಾರದು ಎಂಬುದು ಆತನ ಸಲಹೆ.

ಗರಿಂಚಾ ಕೂಡ ಅವರ ಸಂಶಯಕ್ಕೆ ಇಂಬು ಕೊಟ್ಟಿದ್ದ. ವಿಶ್ವಕಪ್‌ಗೆ ಮುನ್ನ ಇಟಲಿಯಲ್ಲಿ ಫಿಯೊರೆಂಟಿನಾ ವಿರುದ್ಧದ ಪಂದ್ಯದಲ್ಲಿ ರಕ್ಷಣಾ ಆಟಗಾರರನ್ನೂ ಗೋಲಿಯನ್ನೂ ದಾಟಿ, ಖಾಲಿ ಗೋಲಿನ ಮುಂದೆ ಚೆಂಡು ನಿಲ್ಲಿಸಿ, ಓಡಿಬಂದ ಎದುರಾಳಿಯನ್ನು ಇನ್ನೊಮ್ಮೆ ತಪ್ಪಿಸಿ ಆಮೇಲೆ ಗೋಲು ಹೊಡೆದ. ಪ್ರೇಕ್ಷಕರಿಗೆ ಆನಂದ, ತಂಡದ ಹಿರಿಯರಿಗೆ ಸಿಟ್ಟು. ಆಸ್ಟ್ರಿಯ ಮತ್ತು ಇಂಗ್ಲೆಂಡ್ ವಿರುದ್ಧದ ಮೊದಲ ಎರಡು ಪಂದ್ಯಗಳಲ್ಲಿ ಆತ ಹೊರಗೇ ಕುಳಿತ. ಇಂಗ್ಲೆಂಡ್ ಎದುರು ಬ್ರೆಜಿಲ್‌ಗೆ ಒಂದು ಗೋಲೂ ಬರಲಿಲ್ಲ.

ಮೂರನೆಯ ಪಂದ್ಯ ಜೂನ್ 15ರಂದು ಗೊಥೆನ್‌ಬರ್ಗ್‌ನಲ್ಲಿ, ಸೋವಿಯತ್ ಒಕ್ಕೂಟದ ವಿರುದ್ಧ. ಕ್ರೀಡೆಯನ್ನೂ ವಿಜ್ಞಾನದಂತೆ ಅಭ್ಯಾಸ ಮಾಡುವವರೆಂದು ಹೆಸರಾಗಿದ್ದ ತಂಡ. ಗೋಲಿನಲ್ಲಿ ಲೆವ್ ಯಾಶಿನ್. ತರಬೇತುದಾರ ವಿಸೆಂಟೆ ಫಿಯೊಲಾ ಮನಶ್ಶಾಸ್ತ್ರಜ್ಞನ ಅಂಕಪಟ್ಟಿ ಬದಿಗಿಟ್ಟು ಪೆಲೆ, ಗರಿಂಚಾ ಇಬ್ಬರನ್ನೂ ಇಳಿಸಿದ. ಆಟ ಶುರುವಾದ ಒಂದು ನಿಮಿಷದೊಳಗೆ ಗರಿಂಚಾ ಎದುರಾಳಿಯನ್ನು ದಾಟಿ ಹೊಡೆದ ಚೆಂಡು ಗೋಲುಕಂಬಕ್ಕೆ ಬಡಿಯಿತು. ಮರುಕ್ಷಣ ಪೆಲೆ ಹೊಡೆದ ಚೆಂಡೂ ಗೋಲಿನ ಚೌಕಟ್ಟಿಗೇ ಬಡಿಯಿತು. ಮೂರನೆಯ ನಿಮಿಷದಲ್ಲಿ ವಾವಾ ಗೋಲು ಹೊಡೆದ. ಫುಟ್‌ಬಾಲ್ ಇತಿಹಾಸದ ಅತ್ಯುತ್ತಮ ಮೂರು ನಿಮಿಷಗಳು ಇವೆಂದು ಫ್ರೆಂಚ್ ಪತ್ರಕರ್ತ ಗೇಬ್ರಿಯೆಲ್ ಆನೊ ಬಣ್ಣಿಸಿದ. ಬ್ರೆಜಿಲ್ 2-0ರಿಂದ ಗೆದ್ದಿತು.

ಜೂನ್ 29ರ ಫೈನಲ್‌ನಲ್ಲಿ ಸ್ವೀಡನ್ ನಾಲ್ಕನೆಯ ನಿಮಿಷಕ್ಕೇ ಮುನ್ನಡೆ ಪಡೆಯಿತು. 1950 ಮರುಕಳಿಸುವುದೇನೋ ಎಂಬ ಅಳುಕು. ಗರಿಂಚಾ ಬಲ ಅಂಚಿನಿಂದ ನುಗ್ಗಿ ಚೆಂಡನ್ನು ಗೋಲಿನ ಮುಂದೆ ಕಳಿಸಿದ, ವಾವಾ ಒಳಕ್ಕೆ ತಳ್ಳಿದ. ಅರ್ಧ ಗಂಟೆಯ ಹೊತ್ತಿಗೆ ಅದೇ ದಾರಿ, ಅದೇ ಪಾಸು, ಅದೇ ವಾವಾ. ಪೆಲೆಯ ಎರಡು ಗೋಲುಗಳೂ ಸೇರಿ ಬ್ರೆಜಿಲ್ 5-2ರಿಂದ ಮೊದಲ ಸಲ ವಿಶ್ವಕಪ್ ಎತ್ತಿತು. ಆಡಿಸಬಾರದೆಂದು ಬರೆಯಲಾಗಿದ್ದ ಇಬ್ಬರೇ ಗೆಲುವಿನ ಮುಖಗಳಾದರು.

1962ರ ಚಿಲಿ ವಿಶ್ವಕಪ್‌ನ ಎರಡನೆಯ ಪಂದ್ಯದಲ್ಲೇ ಪೆಲೆ ತೊಡೆಯ ಪೆಟ್ಟಿನಿಂದ ಹೊರಬಿದ್ದ. ಭಾರವೆಲ್ಲ ಗರಿಂಚಾನ ಸೊಟ್ಟಗಾಲುಗಳ ಮೇಲೆ ಬಿತ್ತು. ಅಲ್ಲಿಯವರೆಗೆ ಅಂಚಿನಲ್ಲಿ ಆಡಿ ಇತರರಿಗೆ ಗೋಲು ಮಾಡಿಸುತ್ತಿದ್ದವನು ಈಗ ಒಳಕ್ಕೂ ನುಗ್ಗಿದ. ಇಂಗ್ಲೆಂಡ್ ವಿರುದ್ಧದ ಕ್ವಾರ್ಟರ್ ಫೈನಲ್‌ನಲ್ಲಿ, 1.69 ಮೀಟರ್ ಎತ್ತರದ ಈತ ಎತ್ತರದ ಇಂಗ್ಲಿಷರ ನಡುವೆ ತಲೆಯಿಂದ ಒಂದು ಗೋಲು ಹೊಡೆದ. ದೂರದಿಂದ ತಿರುವು ಕೊಟ್ಟು ಮತ್ತೊಂದು ಹೊಡೆದ. ಗೆಲುವು 3-1. ಆ ಪಂದ್ಯದ ಮಧ್ಯೆ ಮೈದಾನಕ್ಕೆ ನುಗ್ಗಿದ ನಾಯಿಯೊಂದು ಗರಿಂಚಾನ ಕೈಗೂ ಸಿಗದೆ ನುಣುಚಿಕೊಂಡಿತು. ಕೊನೆಗೆ ಇಂಗ್ಲೆಂಡ್‌ನ ಜಿಮ್ಮಿ ಗ್ರೀವ್ಸ್ ಮಂಡಿಯೂರಿ ಅದನ್ನು ಹಿಡಿದ. ಗರಿಂಚಾನನ್ನು ತಪ್ಪಿಸಿಕೊಂಡ ಆ ನಾಯಿ ಮುಂದೆ ಗರಿಂಚಾನ ಪಾಲಿಗೇ ಬಂತು!

ಸೆಮಿಫೈನಲ್‌ನಲ್ಲಿ ಆತಿಥೇಯ ಚಿಲಿಯ ಮೇಲೆ ಮತ್ತೆ ಎರಡು ಗೋಲು, 4-2ರ ಗೆಲುವು. ಪಂದ್ಯದುದ್ದಕ್ಕೂ ಒದೆತ ತಿಂದ ಗರಿಂಚಾ ಕೊನೆಗೊಮ್ಮೆ ತಾಳ್ಮೆ ಕಳೆದುಕೊಂಡು ಎದುರಾಳಿ ರೋಹಾಸ್‌ನನ್ನು ಒದ್ದ. ರೆಫರಿ ಹೊರಗೆ ಕಳುಹಿಸಿದ. ಆದರೆ ವಿಚಾರಣೆಯ ಹೊತ್ತಿಗೆ ಘಟನೆಯನ್ನು ಕಂಡಿದ್ದ ಉರುಗ್ವೆಯ ಲೈನ್ಸ್‌ಮನ್ ಚಿಲಿಯಿಂದಲೇ ಹೊರಟುಹೋಗಿದ್ದ. ಗರಿಂಚಾ ಎಚ್ಚರಿಕೆಯೊಡನೆ ಪಾರಾದ. ಇದರ ಹಿಂದೆ ಯಾರ ಕೈವಾಡವಿತ್ತೆಂಬ ಚರ್ಚೆ ಇಂದಿಗೂ ನಿಂತಿಲ್ಲ. ಜೂನ್ 17ರ ಫೈನಲ್‌ನಲ್ಲಿ ಜ್ವರದ ಮೈಯಲ್ಲೇ ಆಡಿದ. ಬ್ರೆಜಿಲ್ ಚೆಕೊಸ್ಲೊವಾಕಿಯವನ್ನು 3-1ರಿಂದ ಸೋಲಿಸಿತು. ಆ ಕೂಟದಲ್ಲಿ ನಾಲ್ಕು ಗೋಲು ಹೊಡೆದು ಅಗ್ರಸ್ಥಾನ ಹಂಚಿಕೊಂಡ ಆರು ಮಂದಿಯಲ್ಲಿ ಗರಿಂಚಾನೂ ಒಬ್ಬ.

ಆಗ ಆತನಿಗೆ 28 ವರ್ಷ. ಅಲ್ಲಿಂದಾಚೆಗೆ ಇಳಿಜಾರು. ಅದು ಅಷ್ಟು ಬೇಗ ಬಂದುದಕ್ಕೆ ಆಟಗಾರನ ಕರಾರಿನ ಸ್ವರೂಪವೂ ಕಾರಣ. ಆಗ ಬ್ರೆಜಿಲ್‌ನಲ್ಲಿ 'ಪಾಸೆ' ಎಂಬ ಪದ್ಧತಿಯಿತ್ತು. ಆಟಗಾರನ ನೋಂದಣಿಯ ಹಕ್ಕು ಕ್ಲಬ್ಬಿನ ಸ್ವತ್ತು. ಕರಾರಿನ ಅವಧಿ ಮುಗಿದರೂ ಕ್ಲಬ್ ಬಿಟ್ಟುಕೊಡದೆ, ಅಥವಾ ಮಾರದೆ, ಆತ ಬೇರೆಡೆ ಆಡುವಂತಿಲ್ಲ. ಓದುಬರಹ ಹೆಚ್ಚು ಬಾರದ ಗರಿಂಚಾ ಬೋಟಾಫೋಗೊ ಕೊಟ್ಟ ಖಾಲಿ ಕರಾರು ಪತ್ರಗಳಿಗೂ ಸಹಿ ಹಾಕುತ್ತಿದ್ದ, ಸಂಬಳದ ಅಂಕಿಯನ್ನು ಕ್ಲಬ್ಬಿನವರೇ ಆಮೇಲೆ ತುಂಬಿಕೊಳ್ಳುತ್ತಿದ್ದರು ಎಂಬುದು ಹಲವು ಕಡೆ ದಾಖಲಾಗಿದೆ. ಕ್ಲಬ್ಬು ವಿದೇಶ ಪ್ರವಾಸಗಳಿಂದ ಹಣ ಗಳಿಸುತ್ತಿತ್ತು. ಗರಿಂಚಾ ಆಡಿದರೆ ಒಂದು ದರ, ಆಡದಿದ್ದರೆ ಕಡಿಮೆ. ಹಾಗಾಗಿ ನೋಯುವ ಮಂಡಿಗೆ ಚುಚ್ಚುಮದ್ದು ಕೊಟ್ಟು ಆಡಿಸುವುದು ರೂಢಿಯಾಯಿತು. ಬಾಗಿದ ಕಾಲುಗಳ ಮೇಲೆ ವರ್ಷಾನುಗಟ್ಟಲೆ ಬಿದ್ದ ಅಸಮ ಭಾರದಿಂದ ಮಂಡಿಯ ಮೃದ್ವಸ್ಥಿ ಸವೆದುಹೋಗಿತ್ತು. 1964ರಲ್ಲಿ ಶಸ್ತ್ರಚಿಕಿತ್ಸೆಯಾದರೂ ಹಳೆಯ ಚಿಮ್ಮು ಮರಳಲಿಲ್ಲ. 1966ರಲ್ಲಿ ಬೋಟಾಫೋಗೊ ಆತನನ್ನು ಸಾವೊ ಪಾಲೊದ ಕೊರಿಂಥಿಯನ್ಸ್ ಕ್ಲಬ್ಬಿಗೆ ಮಾರಿತು.

ಎಲ್ಲ ತಪ್ಪನ್ನೂ ಕ್ಲಬ್ಬಿನ ಮೇಲೆ ಹೊರಿಸಿದರೆ ಅದು ನ್ಯಾಯವಾಗದು. ಕಬ್ಬಿನ ಹಾಲಿನಿಂದ ಇಳಿಸುವ ಕಶಾಸ ಎಂಬ ಸಾರಾಯಿಯ ಚಟ ತಂದೆಗೂ ಇತ್ತು, ಮಗನಿಗೂ ಹತ್ತಿತು. ಗಿರಣಿಯಲ್ಲೇ ಕೆಲಸಕ್ಕಿದ್ದ ನಾಯಿರ್ ಎಂಬಾಕೆಯನ್ನು ಚಿಕ್ಕ ವಯಸ್ಸಿನಲ್ಲೇ ಮದುವೆಯಾಗಿದ್ದ. ಎಂಟು ಹೆಣ್ಣುಮಕ್ಕಳ ಆ ಸಂಸಾರವನ್ನು ಬಿಟ್ಟು ಹೆಸರಾಂತ ಸಾಂಬಾ ಗಾಯಕಿ ಎಲ್ಜಾ ಸೊರೇಸ್‌ಳೊಡನೆ ಬಾಳತೊಡಗಿದ. ಕೊಳೆಗೇರಿಯಲ್ಲಿ ಹುಟ್ಟಿ ತನ್ನ ಕಂಠದ ಬಲದಿಂದ ಮೇಲೆ ಬಂದ ಆ ಕಪ್ಪು ಹೆಣ್ಣುಮಗಳನ್ನು ಪತ್ರಿಕೆಗಳೂ ಜನರೂ 'ಮನೆಮುರುಕಿ' ಎಂದು ಹಳಿದರು. ಮನೆ ಬಿಟ್ಟವನು ಗರಿಂಚಾ, ಬೈಗುಳ ಆಕೆಗೆ. 1969ರಲ್ಲಿ ಆತ ಓಡಿಸುತ್ತಿದ್ದ ಕಾರು ಅಪಘಾತಕ್ಕೀಡಾಗಿ ಎಲ್ಜಾಳ ತಾಯಿ ಸತ್ತಳು. ಅಪರಾಧಿಭಾವ ಕುಡಿತವನ್ನು ಇನ್ನಷ್ಟು ಹೆಚ್ಚಿಸಿತು. ಸೈನಿಕ ಆಡಳಿತದ ಆ ದಿನಗಳಲ್ಲಿ ಅವರ ಮನೆಯ ಮೇಲೆ ಗುಂಡಿನ ದಾಳಿಯಾಯಿತು. ದಂಪತಿಗಳು ಕೆಲಕಾಲ ಇಟಲಿಗೆ ಹೋಗಿ ನೆಲೆಸಿದರು. ಕುಡಿದಾಗ ಗರಿಂಚಾ ಎಲ್ಜಾಳನ್ನು ಹೊಡೆಯುತ್ತಿದ್ದ. 1977ರಲ್ಲಿ ಆಕೆ ಆತನನ್ನು ಬಿಟ್ಟು ಹೊರಟಳು. ಮೈದಾನದಲ್ಲಿ ಯಾರಿಗೂ ಕೇಡು ಬಯಸದ ಮುಗ್ಧ ಎಂದು ಕೊಂಡಾಡುವಾಗ ಈ ಹೆಂಗಸರು ಉಂಡ ನೋವನ್ನು ಮರೆಯಬಾರದು.

ಬ್ರೆಜಿಲ್ ಪರ ಆತನ ಕೊನೆಯ ಅಧ್ಯಾಯ 1966ರ ಇಂಗ್ಲೆಂಡ್ ವಿಶ್ವಕಪ್. ಲಿವರ್‌ಪೂಲ್‌ನಲ್ಲಿ ಬಲ್ಗೇರಿಯ ವಿರುದ್ಧ ಪೆಲೆ ಒಂದು, ಗರಿಂಚಾ ಒಂದು ಫ್ರೀ ಕಿಕ್ ಗೋಲು ಹೊಡೆದರು. ಇಬ್ಬರೂ ಜೊತೆಯಾಗಿ ಆಡಿದ್ದು ಅದೇ ಕೊನೆ. ಇವರಿಬ್ಬರೂ ಕಣದಲ್ಲಿದ್ದ ಒಂದು ಪಂದ್ಯವನ್ನೂ ಬ್ರೆಜಿಲ್ ಸೋತಿಲ್ಲ. ಮೂರು ದಿನಗಳ ನಂತರ, ಪೆಲೆಯಿಲ್ಲದ ತಂಡ ಹಂಗೇರಿಗೆ 1-3ರಿಂದ ಮಣಿಯಿತು. ಅದು ಗರಿಂಚಾನ 50ನೆಯ ಅಧಿಕೃತ ಅಂತರರಾಷ್ಟ್ರೀಯ ಪಂದ್ಯ. ಅದೇ ಕೊನೆಯದು. ಬ್ರೆಜಿಲ್ ಪರ ಆಡಿ ಆತ ಸೋತದ್ದು ಅದೊಂದೇ.

1973ರ ಡಿಸೆಂಬರ್ 19ರಂದು ಮರಕಾನಾದಲ್ಲಿ ಆತನ ಸಹಾಯಾರ್ಥ ವಿದಾಯ ಪಂದ್ಯ ನಡೆಯಿತು. ನೋಡಲು ಬಂದವರು 1,31,000ಕ್ಕೂ ಹೆಚ್ಚು. ಬಂದ ಹಣ ಬಹುಕಾಲ ನಿಲ್ಲಲಿಲ್ಲ. 1980ರ ಕಾರ್ನಿವಲ್‌ನಲ್ಲಿ ಮಂಗೇರಾ ಸಾಂಬಾ ಶಾಲೆಯವರು ಗೌರವಿಸಲೆಂದು ಆತನನ್ನು ಮೆರವಣಿಗೆಯ ರಥದ ಮೇಲೆ ಕೂರಿಸಿದರು. ಔಷಧಿಯ ಮಂಕಿನಲ್ಲಿ, ಸುತ್ತಲಿನ ಕುಣಿತದ ಪರಿವೆಯಿಲ್ಲದೆ ಕುಳಿತಿದ್ದ ಗರಿಂಚಾನನ್ನು ಜನ ಟೆಲಿವಿಷನ್‌ನಲ್ಲಿ ನೋಡಿದರು. 1983ರ ಜನವರಿ 20ರಂದು ರಿಯೊದ ಆಸ್ಪತ್ರೆಯಲ್ಲಿ ಆತ ಕೊನೆಯುಸಿರೆಳೆದ. ಮರಕಾನಾದಲ್ಲಿ ಅಂತಿಮ ದರ್ಶನ, ಬಳಿಕ ಅಗ್ನಿಶಾಮಕ ದಳದ ವಾಹನದಲ್ಲಿ ಹುಟ್ಟೂರಿನ ಕಡೆಗೆ ಮೆರವಣಿಗೆ. ದಾರಿಯುದ್ದಕ್ಕೂ ಜನಸಾಗರ. ಕಷ್ಟದಲ್ಲಿದ್ದಾಗ ಕಾಣದ ದೇಶ ಸತ್ತಾಗ ಬೀದಿಗೆ ಬಂತು.

ಪೆಲೆ ಹೀಗಾಗಲಿಲ್ಲವೇಕೆ ಎಂದು ಕೇಳುವುದುಂಟು. ಪೆಲೆಗೆ ಆಟಗಾರನೇ ಆಗಿದ್ದ ತಂದೆಯ ಮಾರ್ಗದರ್ಶನವಿತ್ತು, ಶಿಸ್ತಿತ್ತು, ತನ್ನ ಹೆಸರಿನ ಬೆಲೆ ಗೊತ್ತಿತ್ತು. ಹಾಗಿದ್ದೂ ವ್ಯವಹಾರದಲ್ಲಿ ಮೋಸಹೋಗಿ ಎಡವಿದ್ದುಂಟು. ಎಲ್ಲರೂ ಪೆಲೆಯಷ್ಟು ಜಾಗರೂಕರಾಗಿರಬೇಕೆಂದು ನಿರೀಕ್ಷಿಸುವ ವ್ಯವಸ್ಥೆ ಗರಿಂಚಾನಂಥ ನೂರಾರು ಮಂದಿಯನ್ನು ನುಂಗುತ್ತದೆ. 1995ರಿಂದ 1998ರವರೆಗೆ ಕ್ರೀಡಾ ಸಚಿವನಾಗಿದ್ದ ಪೆಲೆಯ ಹೆಸರಿನಲ್ಲೇ 1998ರಲ್ಲಿ ಒಂದು ಕಾಯಿದೆ ಬಂತು. ಅದರ ಪ್ರಕಾರ 2001ರಲ್ಲಿ 'ಪಾಸೆ' ಪದ್ಧತಿ ಕೊನೆಗೊಂಡಿತು. ಕರಾರು ಮುಗಿದ ಆಟಗಾರ ತನ್ನ ಕಾಲುಗಳಿಗೆ ತಾನೇ ಒಡೆಯನಾದ. ಆ ಹೊತ್ತಿಗೆ ಗರಿಂಚಾ ಸತ್ತು 18 ವರ್ಷಗಳಾಗಿದ್ದವು.

ಎಲ್ಜಾ ಸೊರೇಸ್ ಮುಪ್ಪಿನಲ್ಲೂ ಹಾಡಿದಳು, ಕಪ್ಪು ಹೆಣ್ಣುಮಕ್ಕಳ ನೋವಿಗೆ ದನಿಯಾದಳು. 2022ರ ಜನವರಿ 20ರಂದು ತೀರಿಕೊಂಡಳು. ಗರಿಂಚಾ ಸತ್ತ ದಿನವೂ ಅದೇ, 39 ವರ್ಷಗಳ ಹಿಂದೆ.

ರಾಜಧಾನಿ ಬ್ರೆಸಿಲಿಯಾದ ರಾಷ್ಟ್ರೀಯ ಕ್ರೀಡಾಂಗಣಕ್ಕೆ 'ಮಾನೆ ಗರಿಂಚಾ' ಎಂದು ಹೆಸರು. 2014ರ ವಿಶ್ವಕಪ್‌ಗಾಗಿ ಅದನ್ನು ಹೊಸದಾಗಿ ಕಟ್ಟಿದಾಗ ಆ ಕೂಟದ ಅತಿ ದುಬಾರಿ ಕ್ರೀಡಾಂಗಣವೆನಿಸಿತು. ಮೂರು ವರ್ಷಗಳ ಬಳಿಕ, 2017ರಲ್ಲಿ, ಹುಟ್ಟೂರಿನ ಸಮೀಪದ ಸ್ಮಶಾನದಲ್ಲಿ ಗರಿಂಚಾನ ಅಸ್ಥಿ ಎಲ್ಲಿದೆಯೆಂದು ವಿಚಾರಿಸಿದಾಗ ಅಲ್ಲಿನ ಆಡಳಿತಕ್ಕೆ ಖಚಿತವಾಗಿ ಹೇಳಲಾಗಲಿಲ್ಲ. ಸಮಾಧಿಯ ಕಲ್ಲಿನ ಮೇಲೆ ಮಾತ್ರ, ಜನರ ನಲಿವಾಗಿದ್ದವನು ಇಲ್ಲಿ ನೆಮ್ಮದಿಯಿಂದ ಮಲಗಿದ್ದಾನೆ ಎಂಬ ಒಕ್ಕಣೆಯಿದೆ.